ರೋಟರ್‌ಗೂ ಕೇಸಿಂಗಿಗೂ ನಡುವೆ ಎಷ್ಟು ಜಾಗ ಬಿಡಬೇಕು? – ಓದುಗರ ಪ್ರಶ್ನೆ, ತಜ್ಞರ ಉತ್ತರ

ಹಿಂದಿನ ಸಂಚಿಕೆಯಲ್ಲಿ ಗ್ಯಾಸ್ ಟರ್ಬೈನ್ ಬಗ್ಗೆ ಬರೆಯುವಾಗ ‘ಬ್ಲೇಡಿನ ತುದಿಯ ಗ್ಯಾಪ್ ಹೆಚ್ಚಿದರೆ ಇಂಧನ ಹೆಚ್ಚು ಬೇಕು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೆವು. ಆ ಸಾಲನ್ನು ಹಿಡಿದುಕೊಂಡು ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದ ಪ್ರಶ್ನೆಗಳಲ್ಲಿ ಆಯ್ದ ಕೆಲವಕ್ಕೆ ಇಲ್ಲಿ ಉತ್ತರವಿದೆ. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿದ್ದೇವೆ. ರೋಟರ್ ಎಂದರೆ ಬ್ಲೇಡುಗಳನ್ನು ಹೊತ್ತು ತಿರುಗುವ ಭಾಗ, ಕೇಸಿಂಗ್ ಅದರ ಸುತ್ತ ನಿಂತ ಹೊರಕವಚ, ಇವೆರಡರ ನಡುವಿನ ಜಾಗವೇ ಗ್ಯಾಪ್.

ಪ್ರಶ್ನೆ: ಗ್ಯಾಪ್ ಕಡಿಮೆ ಇದ್ದಷ್ಟೂ ಒಳ್ಳೆಯದು ಅಂತ ಪಾಠದಲ್ಲಿದೆ. ಹಾಗಿದ್ದರೆ ಜೋಡಿಸುವಾಗಲೇ 0.1 ಮಿ.ಮೀ. ಬಿಟ್ಟು ಕೂರಿಸಿದರೆ ಆಗದೇ ಸರ್?
– ಡಿಪ್ಲೊಮಾ ವಿದ್ಯಾರ್ಥಿ, ಕೊಪ್ಪಳ

ಉತ್ತರ: ಹಾಗೆ ಕೂರಿಸಿದರೆ ಮೊದಲ ಸ್ಟಾರ್ಟಿನಲ್ಲೇ ಉಜ್ಜುತ್ತದೆ. ಯಂತ್ರ ತಣ್ಣಗಿದ್ದಾಗ ಫೀಲರ್ ಗೇಜಿಗೆ (ಸಂದಿಗೆ ತೂರಿಸಿ ಅಳೆಯುವ ತೆಳು ಉಕ್ಕಿನ ಎಲೆಗಳು) ಸಿಗುವ ಗ್ಯಾಪ್ ಬೇರೆ, ಓಡುವಾಗಿನ ಗ್ಯಾಪ್ ಬೇರೆ. ಓಡುವಾಗಲೂ ಅದು ಒಂದೇ ಕಡೆ ನಿಲ್ಲುವುದಿಲ್ಲ. ಡಿಸೈನ್ ಮಾಡುವವರು ಜಾಗ ಬಿಡುವುದು ಫುಲ್ ಲೋಡಿನ ಸ್ಥಿತಿ ನೋಡಿ ಅಲ್ಲ, ಅತಿ ಇಕ್ಕಟ್ಟಾಗುವ ಆ ಒಂದು ಗಳಿಗೆ ನೋಡಿ.

ಲೆಕ್ಕ ಹಾಕಿಯೇ ನೋಡೋಣ. ಇವು ಯಾವುದೋ ಒಂದು ಮಾಡೆಲ್ಲಿನ ಅಂಕಿಗಳಲ್ಲ, ಲೆಕ್ಕದ ದಾರಿ ತಿಳಿಯಲೆಂದು ಇಟ್ಟುಕೊಂಡವು. ಬ್ಲೇಡಿನ ತುದಿಯವರೆಗೆ ತ್ರಿಜ್ಯ 1000 ಮಿ.ಮೀ. ಇರಲಿ, ಅದರಲ್ಲಿ ಡಿಸ್ಕ್ 700, ಬ್ಲೇಡ್ 300. ಡಿಸ್ಕಿನ ಲೋಹ ಒಂದು ಮೀಟರಿಗೆ, ಒಂದು ಡಿಗ್ರಿಗೆ 13 ಮೈಕ್ರಾನ್ ಹಿಗ್ಗುತ್ತದೆ ಎಂದುಕೊಳ್ಳಿ. 350 ಡಿಗ್ರಿ ಸೆ. ಏರಿದರೆ ಹಿಗ್ಗುವುದು 3.2 ಮಿ.ಮೀ. ಬ್ಲೇಡ್ 600 ಡಿಗ್ರಿ ಏರಿ, ಡಿಗ್ರಿಗೆ 15 ಮೈಕ್ರಾನಿನಂತೆ 2.7 ಮಿ.ಮೀ. ಬೆಳೆಯುತ್ತದೆ. ತಿರುಗುವ ವೇಗಕ್ಕೆ ಹೊರಮುಖವಾಗಿ ಎಳೆದುಕೊಳ್ಳುವುದು 0.8 ಮಿ.ಮೀ. ಇರಲಿ. ಒಟ್ಟು ರೋಟರ್ ಕಡೆಯಿಂದ 6.7 ಮಿ.ಮೀ. ಅದೇ 1000 ಮಿ.ಮೀ. ತ್ರಿಜ್ಯದ ಕೇಸಿಂಗ್, ಡಿಸ್ಕಿನಂತೆಯೇ 13 ಮೈಕ್ರಾನ್ ಲೆಕ್ಕದಲ್ಲಿ, 350 ಡಿಗ್ರಿ ಏರಿದರೆ ಹೊರಗೆ ಸರಿಯುವುದು 4.6 ಮಿ.ಮೀ. ತಣ್ಣಗಿದ್ದಾಗ 3.5 ಮಿ.ಮೀ. ಬಿಟ್ಟಿದ್ದರೆ ಎಲ್ಲ ಸಮನಾಗಿ ಕಾದ ಮೇಲೆ ಉಳಿಯುವುದು 1.4 ಮಿ.ಮೀ. ಇಷ್ಟಾದರೆ ಅರ್ಧ ಮಿ.ಮೀ. ಕಡಿಮೆ ಬಿಟ್ಟಿದ್ದರೂ ನಡೆಯುತ್ತಿತ್ತಲ್ಲ ಅನಿಸುತ್ತದೆ.

ಆದರೆ ಇವೆಲ್ಲ ಒಂದೇ ವೇಗದಲ್ಲಿ ಕಾಯುವುದಿಲ್ಲ. ವೇಗದ ಎಳೆತ ತಕ್ಷಣ ಬರುತ್ತದೆ. ಬ್ಲೇಡ್ ತೆಳು, ಬಿಸಿ ಗ್ಯಾಸಿನ ನಡುವೆಯೇ ಇರುತ್ತದೆ, ಬೇಗ ಕಾಯುತ್ತದೆ. ಕೇಸಿಂಗಿಗೆ ಇನ್ನಷ್ಟು ಹೊತ್ತು ಬೇಕು. ದಪ್ಪ ಡಿಸ್ಕ್ ಎಲ್ಲಕ್ಕಿಂತ ಸೋಮಾರಿ. ಲೋಡ್ ಬೇಗ ಏರಿಸಿದ ಹೊತ್ತಿನಲ್ಲಿ ಡಿಸ್ಕ್ ಬರೀ 0.3, ಬ್ಲೇಡ್ ಪೂರಾ 2.7, ವೇಗದ್ದು 0.8, ಒಟ್ಟು 3.8. ಕೇಸಿಂಗ್ ಸರಿದದ್ದು ಇನ್ನೂ 0.9 ಅಷ್ಟೇ. ಉಳಿದ ಗ್ಯಾಪ್ 0.6 ಮಿ.ಮೀ.! ಇದನ್ನೇ ಪಿಂಚ್ ಪಾಯಿಂಟ್ ಎನ್ನುವುದು. ಈ 0.6ರಲ್ಲಿ ಕೇಸಿಂಗ್ ಅಂಡಾಕಾರವಾಗುವುದು, ಬೇರಿಂಗಿನಲ್ಲಿ ಶಾಫ್ಟ್ ಎದ್ದು ಕೂರುವುದು, ವೈಬ್ರೇಶನ್, ಜೋಡಣೆಯ ಹೆಚ್ಚುಕಡಿಮೆ ಎಲ್ಲವೂ ಅಡಗಬೇಕು. ನೀವು ಕೇಳಿದ 0.1ಕ್ಕೆ ಇಲ್ಲಿ ಜಾಗವೇ ಇಲ್ಲ.

ಹಾಗಂತ ಧಾರಾಳವಾಗಿ ಬಿಡುವಂತೆಯೂ ಇಲ್ಲ. ಬ್ಲೇಡಿನ ಒತ್ತಡದ ಮುಖದಿಂದ ಆಚೆ ಮುಖಕ್ಕೆ ಗ್ಯಾಸ್ ತುದಿಯ ಮೇಲಿಂದ ನುಸುಳುತ್ತದೆ. ಆ ಗ್ಯಾಸ್ ಕೆಲಸ ಮಾಡದೇ ಹೋಗುವುದಷ್ಟೇ ಅಲ್ಲ, ಆಚೆ ಬದಿಯಲ್ಲಿ ಸುಳಿ ಎಬ್ಬಿಸಿ ಸರಿಯಾಗಿ ಹರಿಯುತ್ತಿದ್ದದ್ದನ್ನೂ ಕೆಡಿಸುತ್ತದೆ. ಗ್ಯಾಪ್ ಬ್ಲೇಡಿನ ಎತ್ತರದ ಶೇ 1ರಷ್ಟು ಹೆಚ್ಚಿದರೆ ಆ ಹಂತದ (ಆ ಬ್ಲೇಡ್ ಸಾಲಿನ) ದಕ್ಷತೆ ಸುಮಾರು ಶೇ 1ರಿಂದ 2ರಷ್ಟು ಇಳಿಯುತ್ತದೆ ಎಂಬುದು ರೂಢಿಯ ಲೆಕ್ಕ. 50 ಮಿ.ಮೀ. ಎತ್ತರದ ಬ್ಲೇಡಿಗೆ ಅರ್ಧ ಮಿ.ಮೀ. ಎಂದರೆ ಅದೇ ಶೇ 1, 500 ಮಿ.ಮೀ. ಬ್ಲೇಡಿಗೆ ಅದು ಶೇ 0.1 ಮಾತ್ರ. ಮೊದಲ ಹಂತದ ಗಿಡ್ಡ ಬ್ಲೇಡುಗಳಿಗೇ ಎಲ್ಲರೂ ತಲೆ ಕೆಡಿಸಿಕೊಳ್ಳುವುದು ಇದಕ್ಕೇ.

ಪ್ರಶ್ನೆ: ಫುಲ್ ಲೋಡಿನಲ್ಲಿ ಟ್ರಿಪ್ ಆದರೆ (ಯಂತ್ರ ತಾನಾಗಿ ನಿಂತರೆ), ಕಾರಣ ಸಣ್ಣದಾದರೂ ತಕ್ಷಣ ಸ್ಟಾರ್ಟ್ ಮಾಡಲು ಮೇಲಿನವರು ಒಪ್ಪುವುದಿಲ್ಲ. ಹಿರಿಯ ಫಿಟ್ಟರ್ ಒಬ್ಬರು ‘ಟರ್ನಿಂಗ್ ಗೇರ್ ಬಿಡಿಸಬ್ಯಾಡ್ರಿ, ರೋಟರ್ ಬಾಗತದ’ ಅಂತಾರೆ. ಬಿಸಿ ಇರುವಾಗಲೇ ಓಡಿಸಿದರೆ ಇಂಧನ ಉಳಿಯುವುದಿಲ್ಲವೇ?
– ಪವರ್ ಪ್ಲಾಂಟ್ ಆಪರೇಟರ್, ಬಳ್ಳಾರಿ ಜಿಲ್ಲೆ

ಉತ್ತರ: ಹಿರಿಯರು ಹೇಳಿದ್ದು ಸರಿ. ಮೇಲಿನ ಲೆಕ್ಕವನ್ನೇ ಮುಂದುವರಿಸಿ. ಟ್ರಿಪ್ ಆದ ಮೇಲೆ ಕೇಸಿಂಗ್ ಬೇಗ ತಣ್ಣಗಾಗಿ ಅರ್ಧಕ್ಕೆ, ಅಂದರೆ 2.3 ಮಿ.ಮೀ.ಗೆ ಕುಗ್ಗಿದೆ ಎಂದುಕೊಳ್ಳಿ. ಡಿಸ್ಕ್ ಮಾತ್ರ ಇನ್ನೂ 3.0 ಹಿಗ್ಗಿಕೊಂಡೇ ಇದೆ. ಈಗ ಸ್ಟಾರ್ಟ್ ಮಾಡಿ ಲೋಡ್ ಕೊಟ್ಟರೆ ಬ್ಲೇಡ್ 2.7, ವೇಗ 0.8 ಸೇರಿ ರೋಟರ್ 6.5ಕ್ಕೆ ಹೋಗುತ್ತದೆ. 3.5ಕ್ಕೆ 2.3 ಕೂಡಿಸಿ 6.5 ಕಳೆಯಿರಿ: ಮೈನಸ್ 0.7. ಕಾಗದದ ಮೇಲಿನ ಈ ಮೈನಸ್ ಯಂತ್ರದೊಳಗೆ ಬ್ಲೇಡಿನ ತುದಿ ಸವೆತವಾಗಿ ಕಾಣಿಸುತ್ತದೆ. ಹಾಗಾಗಿ ಟ್ರಿಪ್ ಆದ ಎಷ್ಟು ಹೊತ್ತಿನೊಳಗೆ ಸ್ಟಾರ್ಟ್ ಮಾಡಬಹುದು, ಎಷ್ಟು ಹೊತ್ತಿನ ತನಕ ಮಾಡಬಾರದು ಎಂದು ತಯಾರಕರ ಮ್ಯಾನುಯಲ್ಲಿನಲ್ಲಿ ಇರುವ ಅವಧಿ ಪಾಲಿಸಲೇಬೇಕಾದದ್ದು. ಒಂದು ಮಾಡೆಲ್ಲಿನ ಅವಧಿ ಇನ್ನೊಂದಕ್ಕೆ ನಡೆಯುವುದಿಲ್ಲ.

ಇನ್ನು ಟರ್ನಿಂಗ್ ಗೇರ್, ಅಂದರೆ ನಿಂತ ರೋಟರನ್ನು ಮೋಟರಿನಿಂದ ನಿಧಾನವಾಗಿ ತಿರುಗಿಸುವ ಸಾಧನದ ವಿಚಾರ. ನಿಂತ ಯಂತ್ರದೊಳಗೆ ಬಿಸಿ ಗಾಳಿ ಮೇಲಕ್ಕೇರುತ್ತದೆ. ರೋಟರ್ ತಿರುಗದೇ ಬಿದ್ದಿದ್ದರೆ ಅದರ ಮೇಲ್ಭಾಗ ಹೆಚ್ಚು ಬಿಸಿಯಾಗಿ, ಹೆಚ್ಚು ಹಿಗ್ಗಿ, ಶಾಫ್ಟ್ ನಡುವಿನಲ್ಲಿ ಮೇಲಕ್ಕೆ ಬಾಗುತ್ತದೆ. ಕೇಸಿಂಗೂ ಅದೇ ಕಾರಣಕ್ಕೆ ಬೆನ್ನುಬ್ಬಿಸುತ್ತದೆ. ಆಗ ನಡುಭಾಗದಲ್ಲಿ ಕೆಳಗಿನ ಗ್ಯಾಪ್ ಮುಚ್ಚಿಕೊಂಡು ಬರುತ್ತದೆ. ರೋಟರನ್ನು ನಿಧಾನವಾಗಿ ತಿರುಗಿಸುತ್ತಿದ್ದರೆ ಎಲ್ಲ ಬದಿಗೂ ಒಂದೇ ಬಿಸಿ. ಕೇಸಿಂಗನ್ನು ತಿರುಗಿಸಲಾಗದು, ಅದರ ಉಬ್ಬು ಇಳಿಯುವ ತನಕ ಕಾಯಬೇಕು.

ಉಜ್ಜಿದ ಅನುಮಾನ ಬಂದರೆ ನೋಡಬೇಕಾದದ್ದು ಇವು: ನಿಲ್ಲಲು ಹಿಡಿದ ಸಮಯ ಹಿಂದಿನ ದಾಖಲೆಗಿಂತ ಕಡಿಮೆಯೇ? ಟರ್ನಿಂಗ್ ಗೇರ್ ಮೋಟರಿನ ಕರೆಂಟ್ ಸುತ್ತಿಗೊಮ್ಮೆ ಏರಿಳಿಯುತ್ತಿದೆಯೇ? ಕೇಸಿಂಗಿಗೆ ಕಿವಿಗೊಟ್ಟರೆ ಸುತ್ತಿಗೊಮ್ಮೆ ಕೆರೆಯುವ ಸದ್ದಿದೆಯೇ? ವೈಬ್ರೇಶನ್ ಒಂದೇ ಆರ್‌ಪಿಎಮ್‌ನಲ್ಲಿ ನಿಂತಿದ್ದರೂ ಮೆಲ್ಲಗೆ ಏರುತ್ತಾ ಹೋದರೆ ಅದು ಕೆಟ್ಟ ಲಕ್ಷಣ. ಶಾಫ್ಟ್ ಒಂದು ಬದಿಗೆ ಉಜ್ಜಿದರೆ ಆ ಬದಿ ಕಾಯುತ್ತದೆ, ಕಾದ ಬದಿ ಹಿಗ್ಗಿ ಶಾಫ್ಟ್ ಆ ಕಡೆಗೇ ಬಾಗುತ್ತದೆ, ಬಾಗಿದ್ದಕ್ಕೆ ಇನ್ನೂ ಜೋರಾಗಿ ಉಜ್ಜುತ್ತದೆ. ಅಂಥ ಹೊತ್ತಿನಲ್ಲಿ ‘ದಾಟಿಸಿಬಿಡೋಣ’ ಎಂದು ವೇಗ ಏರಿಸುವುದು ಎಲ್ಲಕ್ಕಿಂತ ದುಬಾರಿ ತಪ್ಪು. ಇಳಿಸಿ, ಟರ್ನಿಂಗ್ ಗೇರಿಗೆ ಹಾಕಿ, ಬಾಗು ಹೋಗುವ ತನಕ ಬಿಡಿ. ಗೇರ್ ಮೇಲೂ ತಿರುಗದಿದ್ದರೆ ಕ್ರೇನಿನಿಂದ ಎಳೆದು ತಿರುಗಿಸಲು ಹೋಗಬೇಡಿ. ತಣ್ಣಗಾದಂತೆ ಅದು ತಾನೇ ಬಿಡಿಸಿಕೊಳ್ಳುವ ಸಾಧ್ಯತೆ ಹೆಚ್ಚು.

ಪ್ರಶ್ನೆ: ಓವರ್‌ಹಾಲ್‌ನಲ್ಲಿ (ಯಂತ್ರ ಬಿಚ್ಚಿ ದುರಸ್ತಿ ಮಾಡುವಾಗ) ಕ್ಲಿಯರೆನ್ಸ್, ಅಂದರೆ ಗ್ಯಾಪಿನ ಅಳತೆ, ತೆಗೆದುಕೊಳ್ಳುವ ಸರಿಯಾದ ಕ್ರಮ ಯಾವುದು? ಒಂದೇ ಜಾಗದಲ್ಲಿ ಇಬ್ಬರು ಅಳೆದರೆ ಎರಡು ರೀಡಿಂಗ್ ಬರುತ್ತವೆ.
– ಫಿಟ್ಟರ್, ರಾಯಚೂರು

ಉತ್ತರ: ಮೊದಲು, ಬೋಲ್ಟ್ ಸಡಿಲಿಸುವ ಮುಂಚೆಯೇ ಮಾಡಬೇಕಾದ ಕೆಲಸವಿದೆ. ಮೇಲಿನ ಅರ್ಧ, ಕೆಳಗಿನ ಅರ್ಧ ಸೇರಿದಾಗ ಕೇಸಿಂಗ್ ಒಂದು ಗಟ್ಟಿ ಕೊಳವೆ. ಮೇಲಿನದನ್ನು ತೆಗೆದರೆ ಕೆಳಗಿನದು ತೆರೆದ ತೊಟ್ಟಿಯಾಗಿ ನಡುವೆ ಜೋತು ಬೀಳುತ್ತದೆ. ಹೆವಿ ಡ್ಯೂಟಿ ಗ್ಯಾಸ್ ಟರ್ಬೈನುಗಳಲ್ಲಿ ಫ್ಲೇಂಜ್ ಬೋಲ್ಟಿಗೆ ಕೈ ಹಚ್ಚುವ ಮೊದಲು ಮ್ಯಾನುಯಲ್ ತೋರಿಸಿದ ಜಾಗಗಳಲ್ಲಿ ಕೇಸಿಂಗ್ ಕೆಳಗೆ ಜ್ಯಾಕ್ ಕೊಟ್ಟು, ಡಯಲ್ ಗೇಜ್ ಇಟ್ಟು, ತೂಕ ಹಿಡಿದುಕೊಳ್ಳಬೇಕು. ಇದನ್ನು ಬಿಟ್ಟವರು ಆಮೇಲೆ ಎಷ್ಟು ನಾಜೂಕಾಗಿ ಅಳೆದರೂ ಜೋತುಬಿದ್ದ ಕೇಸಿಂಗಿನ ಅಳತೆಯೇ ಬರುತ್ತದೆ.

ಎರಡನೆಯದು ಶಾಫ್ಟಿನ ಉದ್ದದ ದಿಕ್ಕಿನಲ್ಲಿ ರೋಟರಿನ ಸ್ಥಾನ. ಟರ್ಬೈನಿನ ಹೊರಗೋಡೆ ಹೆಚ್ಚಾಗಿ ಇಳಿಜಾರು. ರೋಟರ್ ಹಿಂದೆ ಮುಂದೆ ಸರಿದರೆ ತ್ರಿಜ್ಯದ ಗ್ಯಾಪೂ ಬದಲಾಗುತ್ತದೆ. ಹಾಗಾಗಿ ರೋಟರನ್ನು ಥ್ರಸ್ಟ್ ಬೇರಿಂಗಿನ (ರೋಟರ್ ಹಿಂದೆ ಮುಂದೆ ಸರಿಯದಂತೆ ತಡೆಯುವ ಬೇರಿಂಗ್) ಕೆಲಸದ ಮುಖಕ್ಕೆ ಒತ್ತಿ ನಿಲ್ಲಿಸಿ, ಆ ಅಳತೆಯನ್ನು ಶೀಟಿನ ಮೇಲ್ತುದಿಯಲ್ಲಿ ಬರೆದುಕೊಂಡೇ ಮುಂದಕ್ಕೆ ಹೋಗಬೇಕು.

ಎಡ ಬಲದ ರೀಡಿಂಗ್ ಸೀಳುಜಾಗದಲ್ಲಿ (ಕೇಸಿಂಗಿನ ಎರಡು ಅರ್ಧ ಸೇರುವ ಗೆರೆಯಲ್ಲಿ) ಫೀಲರ್ ಇಲ್ಲವೇ ಟೇಪರ್ ಗೇಜಿನಿಂದ ಸಿಗುತ್ತದೆ. ಮೇಲೆ ಕೆಳಗಿನದಕ್ಕೆ ಸೀಸದ ತಂತಿ ಇಟ್ಟು, ಮೇಲಿನ ಅರ್ಧ ಇಳಿಸಿ, ಕೆಲವು ಬೋಲ್ಟ್ ಬಿಗಿದು, ಬಿಚ್ಚಿ, ಚಪ್ಪಟೆಯಾದ ತಂತಿಯನ್ನು ಮೈಕ್ರೋಮೀಟರಿನಲ್ಲಿ ಅಳೆಯಬೇಕು. ಎಲ್ಲ ಬ್ಲೇಡ್ ಒಂದೇ ಉದ್ದವಿರುವುದಿಲ್ಲ. ಪ್ರತಿ ಸಾಲಿನ ಅತಿ ಉದ್ದದ ಬ್ಲೇಡನ್ನು ಹುಡುಕಿ ಗುರುತು ಹಾಕಿ, ಅದನ್ನೇ ನಾಲ್ಕೂ ಕಡೆಗೆ ತಂದು ಅಳೆಯಿರಿ. ಇಬ್ಬರಿಗೆ ಎರಡು ರೀಡಿಂಗ್ ಬರಲು ಸಾಮಾನ್ಯವಾಗಿ ಮೂರು ಕಾರಣ: ಒಬ್ಬರು ಒಂದು ಬ್ಲೇಡಿನ ಮೇಲೆ, ಇನ್ನೊಬ್ಬರು ಪಕ್ಕದ್ದರ ಮೇಲೆ ಅಳೆದಿರುತ್ತಾರೆ, ಫೀಲರ್ ಎಲೆಗಳನ್ನು ಐದಾರು ಸೇರಿಸಿರುತ್ತಾರೆ (ಮೂರು ದಾಟಿದರೆ ನಡುವಿನ ಎಣ್ಣೆ, ಧೂಳೂ ಅಳತೆಗೆ ಬರುತ್ತವೆ), ಇಲ್ಲವೇ ಬ್ಲೇಡ್ ಬೇರಿನಲ್ಲಿ ಅಲುಗುತ್ತಿರುತ್ತದೆ. ತಣ್ಣಗಿದ್ದಾಗ ಬ್ಲೇಡ್ ತನ್ನ ಬೇರು ಕೂರುವ ತೋಡಿನಲ್ಲಿ ಸ್ವಲ್ಪ ಸಡಿಲವೇ. ಓಡುವಾಗ ಅದು ಹೊರಕ್ಕೆ ಎಳೆದುಕೊಂಡು ಕೂರುತ್ತದೆ. ಆದ್ದರಿಂದ ಬ್ಲೇಡನ್ನು ಹೊರಮುಖವಾಗಿ ಎತ್ತಿ ಹಿಡಿದೇ ಅಳೆಯಬೇಕು.

ಇನ್ನು ಬಂದ ಅಂಕಿಯನ್ನು ಓದುವುದು. ಮೇಲೆ 3.9, ಕೆಳಗೆ 3.1, ಎಡ 3.6, ಬಲ 3.4 ಬಂತು ಎನ್ನೋಣ. ನಾಲ್ಕರ ಸರಾಸರಿ 3.5, ಸರಿಯಿದೆ. ಆದರೆ ಮೇಲೆ ಕೆಳಗಿನ ವ್ಯತ್ಯಾಸದ ಅರ್ಧ 0.4, ಅಷ್ಟು ರೋಟರ್ ಕೆಳಗಿದೆ. ಎಡ ಬಲದ ಅರ್ಧ 0.1, ಅಷ್ಟು ಬಲಕ್ಕಿದೆ. ಇಲ್ಲಿ ಗ್ರೈಂಡರ್ ತೆಗೆದುಕೊಂಡು ಕೆಳಗಿನ ಸೀಲ್ (ಬ್ಲೇಡಿನ ತುದಿಗೆ ಎದುರಿನ ಉಂಗುರ) ಉಜ್ಜಿ 3.5 ಮಾಡುವವರೂ ಇದ್ದಾರೆ. ಹಾಗೆ ಮಾಡಿದರೆ ಸರಾಸರಿಯೇ ಹೆಚ್ಚಿತು, ನಷ್ಟ ಮುಂದಿನ ಓವರ್‌ಹಾಲ್ ತನಕ ಉಳಿಯಿತು. ಸರಿಪಡಿಸಬೇಕಾದದ್ದು ಬೇರಿಂಗ್ ಪ್ಯಾಡಿನ ಶಿಮ್ಮಿನಲ್ಲಿ (ಎತ್ತರ ಹೊಂದಿಸುವ ತೆಳು ತಗಡು) ಅಥವಾ ಕೇಸಿಂಗ್ ಸಪೋರ್ಟಿನಲ್ಲಿ. ಅದಕ್ಕೂ ಮುಂಚೆ ಒಮ್ಮೆ ತಯಾರಕರ ಶೀಟ್ ನೋಡಿ: ಓಡುವಾಗ ಎಣ್ಣೆಯ ಪದರದ ಮೇಲೆ ಶಾಫ್ಟ್ ಏಳುತ್ತದೆ, ಬೇರಿಂಗನ್ನು ಹೊತ್ತ ಪೆಡಸ್ಟಲ್ ಬಿಸಿಗೆ ಎತ್ತರವಾಗುತ್ತದೆ. ಆ ಲೆಕ್ಕಕ್ಕೆ ತಣ್ಣಗಿದ್ದಾಗ ರೋಟರನ್ನು ಬೇಕೆಂದೇ ಸ್ವಲ್ಪ ಓರೆಯಾಗಿ ಇಟ್ಟಿರಬಹುದು. ಅಂಥದ್ದನ್ನು ನಡುವಿಗೆ ತಂದರೆ ಓಡುವಾಗ ಓರೆಯಾಗುತ್ತದೆ.

ಪ್ರಶ್ನೆ: ಶಕ್ತಿನಗರದಲ್ಲಿ ನಾವು ನೋಡುವುದೆಲ್ಲ ಸ್ಟೀಮ್ ಟರ್ಬೈನ್. ಅಲ್ಲಿಗೂ ಇದೇ ಮಾತು ಅನ್ವಯವೇ?
– ಅಪ್ರೆಂಟಿಸ್, ಶಕ್ತಿನಗರ

ಉತ್ತರ: ಶಕ್ತಿನಗರದ 210 ಮೆಗಾವಾಟಿನ ಏಳು ಮತ್ತು 250ರ ಒಂದು, ಕುಡಿತಿನಿಯ 500ರ ಎರಡು ಮತ್ತು 700ರ ಒಂದು, ಯರಮರಸ್‌ನ 800ರ ಎರಡು – ಇವೆಲ್ಲ ಕಲ್ಲಿದ್ದಲಿನ ಸ್ಟೀಮ್ ಘಟಕಗಳು. ತತ್ವ ಅದೇ, ಒತ್ತು ಬೇರೆ. ಸ್ಟೀಮ್ ಟರ್ಬೈನಿನಲ್ಲಿ ರೋಟರ್ ಉದ್ದ, ಕೇಸಿಂಗ್ ದಪ್ಪ. ಸ್ಟಾರ್ಟಿನಲ್ಲಿ ರೋಟರ್ ಬೇಗ ಕಾದು ಕೇಸಿಂಗಿಗಿಂತ ಉದ್ದವಾಗಿ ಓಡುತ್ತದೆ. ಕಂಟ್ರೋಲ್ ರೂಮಿನಲ್ಲಿ ನೀವು ನೋಡುವ ಡಿಫರೆನ್ಷಿಯಲ್ ಎಕ್ಸ್‌ಪ್ಯಾನ್ಷನ್ ಅದೇ. ಏರಿದಾಗ ರೋಟರ್ ಉದ್ದವಾಗುತ್ತಿದೆ, ಲೋಡ್ ಬಿದ್ದು ತಣ್ಣನೆಯ ಸ್ಟೀಮ್ ಬಂದಾಗ ಅದು ಮೈನಸ್ ಕಡೆಗೆ ಹೋಗುತ್ತದೆ. ಅಲ್ಲಿ ಮೊದಲು ಅಪಾಯಕ್ಕೆ ಸಿಗುವುದು ಶಾಫ್ಟಿನ ಉದ್ದದ ದಿಕ್ಕಿನ ಗ್ಯಾಪ್.

ತ್ರಿಜ್ಯದ ದಿಕ್ಕಿನಲ್ಲಿ ಮುಖ್ಯವಾದದ್ದು ಲ್ಯಾಬಿರಿಂತ್ ಸೀಲ್, ಅಂದರೆ ಸ್ಟೀಮ್ ಸೋರದಂತೆ ತಡೆಯುವ, ಸಾಲು ಹಲ್ಲುಗಳಿರುವ ಉಂಗುರ. ಅದರ ಗ್ಯಾಪ್ ಅರ್ಧ ಮಿ.ಮೀ. ಆಸುಪಾಸು. ಕೇಸಿಂಗಿನ ಮೇಲೆ ಕೆಳಗಿನ ತಾಪಮಾನದ ಅಂತರ 50 ಡಿಗ್ರಿಯ ಹತ್ತಿರ ಬಂದರೆ ಆಪರೇಟರ್ ಎಚ್ಚರವಾಗುವುದು ಈ ಹಲ್ಲುಗಳಿಗಾಗಿಯೇ. ಡ್ರೈನ್ ಸರಿಯಾಗಿ ತೆರೆಯದೆ ನೀರು ಒಳಗೆ ಬಂದರೆ ಕೆಳಭಾಗ ಒಮ್ಮೆಲೇ ತಣ್ಣಗಾಗಿ ಈ ಅಂತರ ಏರಿಬಿಡುತ್ತದೆ. ಸ್ಪ್ರಿಂಗ್ ಮೇಲೆ ಹಿಂದೆ ಸರಿದು ನಿಲ್ಲುವ ಪ್ಯಾಕಿಂಗ್ ರಿಂಗುಗಳೂ (ಸೀಲಿನ ಉಂಗುರಗಳು) ಇವೆ: ಸ್ಟಾರ್ಟಿನಲ್ಲಿ ಸ್ಪ್ರಿಂಗ್ ಅವನ್ನು ದೂರ ಇಡುತ್ತದೆ, ಲೋಡ್ ಬಂದ ಮೇಲೆ ಸ್ಟೀಮಿನ ಒತ್ತಡವೇ ಒಳಕ್ಕೆ ತಳ್ಳಿ ಮುಚ್ಚುತ್ತದೆ. ಮೋಟರ್ ಇಲ್ಲ, ಸೆನ್ಸರ್ ಇಲ್ಲ, ಅಚ್ಚುಕಟ್ಟಾದ ಉಪಾಯ.

ಪ್ರಶ್ನೆ: ವಿಮಾನದ ಎಂಜಿನ್ನಿನಲ್ಲಿ ಗ್ಯಾಪನ್ನು ಹಾರಾಟದಲ್ಲೇ ಕಡಿಮೆ ಮಾಡುತ್ತಾರಂತೆ. ಹೇಗೆ? ನೆಲದ ಮೇಲಿನ ಟರ್ಬೈನಿಗೆ ಅದು ಇಲ್ಲವೇ?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ಬಳ್ಳಾರಿ

ಉತ್ತರ: ಎತ್ತಿನ ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಏರಿಸುವುದನ್ನು ನೋಡಿದ್ದೀರಲ್ಲ? ಬೆಂಕಿಯಲ್ಲಿ ಕಾಯಿಸಿ ಹಿಗ್ಗಿಸಿ ಕೂರಿಸಿ, ನೀರು ಹೊಯ್ದರೆ ಪಟ್ಟಿ ಕುಗ್ಗಿ ಗಾಲಿಯನ್ನು ಅಪ್ಪುತ್ತದೆ. ಎಂಜಿನ್ನಿನಲ್ಲಿ ಅದನ್ನೇ ಅಪ್ಪುವ ಒಂದು ಕೂದಲು ಮುಂಚೆ ನಿಲ್ಲಿಸುತ್ತಾರೆ. ಟರ್ಬೈನ್ ಕೇಸಿನ ಸುತ್ತ ತೂತು ಕೊರೆದ ಕೊಳವೆಗಳಿರುತ್ತವೆ. ಅದರಿಂದ ತಣ್ಣನೆಯ ಗಾಳಿ ಕೇಸಿನ ಮೇಲೆ ಬಡಿದಾಗ ಕೇಸ್ ಕುಗ್ಗಿ ಗ್ಯಾಪ್ ಮುಚ್ಚುತ್ತದೆ. ಸಿಎಫ್‌ಎಂ56 ಎಂಜಿನ್ನಿನಲ್ಲಿ ಹೈ ಪ್ರೆಷರ್ ಟರ್ಬೈನಿಗೆ ಕಂಪ್ರೆಸರಿನ ಎರಡು ಹಂತಗಳಿಂದ ತೆಗೆದ ಗಾಳಿಯನ್ನು ಬೆರೆಸಿ ಕೊಡುತ್ತಾರೆ, ಲೋ ಪ್ರೆಷರ್ ಟರ್ಬೈನಿಗೆ ಫ್ಯಾನಿನ ಗಾಳಿ. ಟೇಕಾಫ್‌ನ ಇಕ್ಕಟ್ಟಿನಲ್ಲಿ ಗ್ಯಾಪ್ ಬಿಗಿ ಮಾಡುವುದಿಲ್ಲ. ಮೇಲೆ ಹೋಗಿ ಎಲ್ಲ ಸ್ಥಿರವಾದ ಮೇಲೆ ಬಿಗಿ.

ಗ್ಯಾಪನ್ನು ನೇರವಾಗಿ ಅಳೆದು ಬಿಗಿ ಮಾಡುತ್ತಾರೆ ಎಂದುಕೊಳ್ಳಬೇಡಿ. ಸಾಮಾನ್ಯವಾಗಿ ಕಂಪ್ಯೂಟರ್ ವೇಗ, ಎತ್ತರ, ತಾಪಮಾನ, ಕಳೆದ ಸಮಯ ನೋಡಿ ಈಗ ಇಷ್ಟಿರಬಹುದು ಎಂದು ಲೆಕ್ಕ ಹಾಕುತ್ತದೆ. ಕೆಪಾಸಿಟೆನ್ಸ್ ಪ್ರೋಬ್‌ಗಳು ಬ್ಲೇಡಿನ ತುದಿಯ ಗ್ಯಾಪನ್ನು ಓಡುವಾಗಲೇ ಓದಬಲ್ಲವು, ಆದರೆ ಆ ಬಿಸಿಯಲ್ಲಿ ಸಾವಿರಾರು ಗಂಟೆ ಬದುಕಬೇಕಲ್ಲ. ಅವು ಹೆಚ್ಚಾಗಿ ಟೆಸ್ಟ್ ಬೆಡ್ಡಿನಲ್ಲೇ ಉಳಿದಿವೆ. ಅನಿಶ್ಚಿತತೆ ಇರುವುದರಿಂದ ಕಂಪ್ಯೂಟರ್ ಸ್ವಲ್ಪ ಜಾಗ ಹೆಚ್ಚೇ ಇಟ್ಟುಕೊಳ್ಳುತ್ತದೆ, ವಾಲ್ವ್ ಕೆಟ್ಟರೆ ಗ್ಯಾಪ್ ತೆರೆದುಕೊಳ್ಳುವ ಕಡೆಗೇ ಹೋಗುವಂತೆ ಮಾಡಿರುತ್ತಾರೆ: ಇಂಧನ ಹೆಚ್ಚು ಹೋದರೂ ಬ್ಲೇಡ್ ಉಳಿಯಲಿ ಎಂದು. ಲಾಭ ಎಷ್ಟು? ದೊಡ್ಡ ಎಂಜಿನ್ನಿನ ಹೈ ಪ್ರೆಷರ್ ಟರ್ಬೈನಿನಲ್ಲಿ 0.25 ಮಿ.ಮೀ., ವರ್ಕ್‌ಶಾಪ್ ಮಾತಿನಲ್ಲಿ ಹತ್ತು ಥೌ (ಇಂಚಿನ ಸಾವಿರದಲ್ಲಿ ಹತ್ತು ಪಾಲು), ಉಳಿಸಿದರೆ ಇಂಧನ ಬಳಕೆ ಸುಮಾರು ಶೇ 1 ಇಳಿಯುತ್ತದೆ, ಎಕ್ಸಾಸ್ಟ್ ತಾಪಮಾನ ಸುಮಾರು 10 ಡಿಗ್ರಿ ಇಳಿಯುತ್ತದೆ.

ನೆಲದ ಯಂತ್ರಗಳಲ್ಲಿ ಇನ್ನೊಂದು ದಾರಿಯಿದೆ. ಸೀಮೆನ್ಸ್ ತನ್ನ ದೊಡ್ಡ ಟರ್ಬೈನುಗಳಲ್ಲಿ ಯಂತ್ರ ಪೂರಾ ಕಾದ ಮೇಲೆ ಥ್ರಸ್ಟ್ ಬೇರಿಂಗಿನ ಹೈಡ್ರಾಲಿಕ್ ಪಿಸ್ಟನ್‌ಗಳಿಂದ ಇಡೀ ರೋಟರನ್ನು ಗ್ಯಾಸಿನ ಹರಿವಿಗೆ ಎದುರಾಗಿ ಕೆಲವು ಮಿ.ಮೀ. ತಳ್ಳುತ್ತದೆ. ಟರ್ಬೈನ್ ಗೋಡೆಯ ಇಳಿಜಾರು 15 ಡಿಗ್ರಿ, ತಳ್ಳಿದ್ದು 2.5 ಮಿ.ಮೀ. ಎಂದುಕೊಂಡರೆ ತ್ರಿಜ್ಯದ ಗ್ಯಾಪ್ ಸುಮಾರು 0.67 ಮಿ.ಮೀ. ಮುಚ್ಚುತ್ತದೆ. ಅದೇ ಹೊತ್ತಿಗೆ ಕಂಪ್ರೆಸರಿನ ಗ್ಯಾಪ್ ತೆರೆದುಕೊಳ್ಳುತ್ತದೆ, ಏಕೆಂದರೆ ಅದರ ಇಳಿಜಾರು ವಿರುದ್ಧ ದಿಕ್ಕಿನದು. ಆದರೆ ಆ ಇಳಿಜಾರು ಕಡಿಮೆ, ಹಾಗಾಗಿ ಕೊಟ್ಟದ್ದಕ್ಕಿಂತ ಪಡೆದದ್ದು ಹೆಚ್ಚು.

ಪ್ರಶ್ನೆ: ಉಜ್ಜಿದರೂ ಸವೆಯುವ ಲೇಪನ ಹಾಕಿದರೆ ಇಷ್ಟೆಲ್ಲ ಚಿಂತೆ ಏಕೆ?
– ವರ್ಕ್‌ಶಾಪ್ ಮೇಲ್ವಿಚಾರಕರು, ಗಿಣಿಗೇರಾ

ಉತ್ತರ: ಹಾಕುತ್ತಾರೆ, ಆದರೆ ಅದು ಚಿಂತೆ ಕಡಿಮೆ ಮಾಡುತ್ತದೆ, ತೆಗೆಯುವುದಿಲ್ಲ. ಕಂಪ್ರೆಸರಿನ ತಣ್ಣನೆಯ ಕಡೆ ಅಲ್ಯೂಮಿನಿಯಂ–ಸಿಲಿಕಾನ್‌ಗೆ ಪಾಲಿಯೆಸ್ಟರ್ ಬೆರೆಸಿದ್ದು, ಸುಮಾರು 325 ಡಿಗ್ರಿ ತನಕ. ಅದಕ್ಕೂ ಬಿಸಿಗೆ ನಿಕ್ಕಲ್–ಗ್ರಾಫೈಟ್, 480ರ ತನಕ. ಟರ್ಬೈನಿನ ಕಡೆ ರಂಧ್ರಗಳಿರುವ ಜಿರ್ಕೋನಿಯಾ, ಇಲ್ಲವೇ ಜೇನುಗೂಡಿನ ಆಕಾರದ ತೆಳು ತಗಡು. ಲೇಪನ ಗಟ್ಟಿಯಾದರೆ ಅದರ ಬದಲು ಬ್ಲೇಡ್ ಸವೆಯುತ್ತದೆ. ಮೆತ್ತಗಾದರೆ ಧೂಳಿಗೇ ಕೊರೆದು ಹೋಗುತ್ತದೆ. ಅದಿರಿನ ಧೂಳಿರುವ ನಮ್ಮ ಭಾಗದಲ್ಲಿ ಎರಡನೆಯದರ ಬಗ್ಗೆಯೇ ಹೆಚ್ಚು ಎಚ್ಚರ ಬೇಕು. ಒಮ್ಮೆ ಒಂದು ಬದಿಗೆ ಮಾತ್ರ ಉಜ್ಜಿ ಹೋದ ಲೇಪನ ಅಲ್ಲಿ ತಗ್ಗು ಮಾಡಿಟ್ಟಿರುತ್ತದೆ. ಆ ಯಂತ್ರದಲ್ಲಿ ನಾಲ್ಕು ಕಡೆಯ ಅಳತೆ ಸಾಲದು, ಎಂಟು ಕಡೆ ಅಳೆಯಿರಿ.

ಪ್ರಶ್ನೆ: ಬೇಸಿಗೆಯಲ್ಲಿ ಔಟ್‌ಪುಟ್ ಬೀಳುತ್ತದೆ. ಗ್ಯಾಪ್ ಹೆಚ್ಚಾಗಿದೆಯೋ, ಕಂಪ್ರೆಸರ್ ಕೊಳೆಯಾಗಿದೆಯೋ ಹೇಗೆ ತಿಳಿಯುವುದು?
– ಮೇಂಟೆನೆನ್ಸ್ ಎಂಜಿನಿಯರ್, ಬಳ್ಳಾರಿ

ಉತ್ತರ: ಮೊದಲು ಬಿಸಿಲನ್ನು ಲೆಕ್ಕದಿಂದ ತೆಗೆಯಿರಿ. ಗ್ಯಾಸ್ ಟರ್ಬೈನಿನ ಹೆಸರಿನ ಸಾಮರ್ಥ್ಯ ಹೇಳುವುದು 15 ಡಿಗ್ರಿ ಸೆ., 1.013 ಬಾರ್, ಶೇ 60 ತೇವಾಂಶಕ್ಕೆ. ಗಾಳಿ ಒಂದೊಂದು ಡಿಗ್ರಿ ಬಿಸಿಯಾದಂತೆ ಅರ್ಧದಿಂದ ಒಂದು ಶೇಕಡದೊಳಗೆ ಔಟ್‌ಪುಟ್ ಇಳಿಯುತ್ತದೆ. ಏಪ್ರಿಲ್–ಮೇ ತಿಂಗಳ 40 ಡಿಗ್ರಿಗೆ ಹೋಲಿಸಿದರೆ ಇದೇ ದೊಡ್ಡ ಪಾಲು.

ಸರಿಪಡಿಸಿದ ಅಂಕಿಯೂ ಕಡಿಮೆಯಿದ್ದರೆ ಆಫ್‌ಲೈನ್ ವಾಷ್ (ಯಂತ್ರ ನಿಲ್ಲಿಸಿ ಕಂಪ್ರೆಸರ್ ತೊಳೆಯುವುದು) ಮಾಡಿಸಿ. ವಾಷಿಗೆ ಮುಂಚೆ, ಆಮೇಲೆ ಒಂದೇ ಲೋಡಿನಲ್ಲಿ ಕಂಪ್ರೆಸರ್ ಡಿಸ್ಚಾರ್ಜ್ ಒತ್ತಡ, ತಾಪಮಾನ ಬರೆದುಕೊಳ್ಳಿ. ವಾಷಿನಿಂದ ಮರಳಿ ಬಂದದ್ದು ಕೊಳೆಯ ಪಾಲು. ಬಾರದೇ ಉಳಿದದ್ದರಲ್ಲಿ ತುದಿಯ ಸವೆತ, ಸೀಲ್ ಸೋರಿಕೆ, ಬ್ಲೇಡಿನ ಮೊನೆ ಕೊರೆತ ಸೇರಿರುತ್ತವೆ. ಅವನ್ನು ಬೇರೆ ಬೇರೆ ಮಾಡಲು ಬೋರೋಸ್ಕೋಪ್ (ಸಣ್ಣ ತೂತಿನಿಂದ ಯಂತ್ರದ ಒಳಗೆ ನೋಡುವ ಸಾಧನ) ಬೇಕು. ಅದರಲ್ಲಿ ತುದಿಗಳು ನೀಲಿ ಬಣ್ಣಕ್ಕೆ ತಿರುಗಿದ್ದರೆ, ಕೇಸಿಂಗಿನ ಮೇಲೆ ಬಳಿದಂಥ ಲೋಹ ಕಂಡರೆ ಉಜ್ಜಿದೆ ಎಂದೇ ಅರ್ಥ.

ವಾಷ್ ಮಾಡುವಾಗ ಆತುರ ಬೇಡ. ನಿಲ್ಲಿಸಿದ ಮೇಲೆ ವೀಲ್‌ಸ್ಪೇಸ್ (ಟರ್ಬೈನ್ ಡಿಸ್ಕಿನ ಪಕ್ಕದ ಜಾಗದ) ತಾಪಮಾನ ಸುಮಾರು 65 ಡಿಗ್ರಿಗಿಂತ ಕೆಳಗಿಳಿಯಬೇಕು. ಬಿಸಿ ಯಂತ್ರಕ್ಕೆ ತಣ್ಣೀರು ಬಿದ್ದರೆ ತೆಳು ಕೇಸಿಂಗ್ ಡಿಸ್ಕಿಗಿಂತ ಮೊದಲು ಕುಗ್ಗುತ್ತದೆ. ಕೊಳೆ ತೆಗೆಯಲು ಹೋಗಿ, ತೊಳೆದರೆ ಹೋಗದ ಸವೆತವನ್ನು ತಂದುಕೊಂಡಂತಾಗುತ್ತದೆ.